ಪುಸ್ತಕವಿಲ್ಲದ ಕಾರ್ಡು

ನಾನು ಗ್ರಂಥಾಲಯದ ಒಂದು ಕ್ಯಾಟಲಾಗ್ ಕಪಾಟು, ಯಾವ ಪುಸ್ತಕ ಯಾವ ರ‍್ಯಾಕಿನಲ್ಲಿದೆ ಎಂದು ಹೇಳುವ ಕಾರ್ಡುಗಳ ಮನೆ. ಬಡಿಗೇರ ಮೌನೇಶಪ್ಪ ಹಳಿಯಾಳದ ಸಾಗವಾನಿಯಲ್ಲಿ ನನಗೆ ಮೂವತ್ತಾರು ಖಾನೆ ಕೂಡಿಸಿ, ಒಂದೊಂದಕ್ಕೂ ಹಿತ್ತಾಳೆಯ ಹಿಡಿಕೆ ಹಚ್ಚಿದ. ಕೊಯ್ಯುವಾಗ, ಕೊರೆಯುವಾಗ ನೋವಾಗಿರಬೇಕು. ನೆನಪಿಲ್ಲ.

ಗದಗ ಕಡೆಯ ಒಂದು ಕಾಲೇಜು ನನ್ನನ್ನು ಕೊಂಡಿತು. ಮೊದಲ ಗ್ರಂಥಪಾಲಕರು ನನಗೆ ಬೀಗ ಜಡಿದು, ತಲೆಯ ಮೇಲೆ ಊಟದ ಡಬ್ಬಿ ಇಡುತ್ತಿದ್ದರು. ಹನ್ನೊಂದು ವರ್ಷ ಹಾಗೇ ಹೋಯಿತು.

ಆಮೇಲೆ ನೀಲಗಂಗಾ ಮೇಡಂ ಬಂದರು. ಬಂದ ದಿನವೇ ಬೀಗ ತೆಗೆಸಿದರು. ಆಯಾ ವಿಷಯದ ವಿದ್ಯಾರ್ಥಿಗಳಿಗೆ ಪುಸ್ತಕ ಹುಡುಕುವುದನ್ನು ಕಲಿಸಲು ವಾರಕ್ಕೊಂದು ಅವಧಿ ಬೇಕೆಂದು ಪ್ರಾಧ್ಯಾಪಕರ ಬೆನ್ನು ಬಿದ್ದರು. ಸಸ್ಯಶಾಸ್ತ್ರದವರಿಗೆ ಗಿಡದ ಹೆಸರು ಹಿಡಿದು ಹುಡುಕುವುದು, ಅರ್ಥಶಾಸ್ತ್ರದವರಿಗೆ ಜನಗಣತಿಯ ವರದಿ, ಇತಿಹಾಸದವರಿಗೆ ಗೆಜೆಟಿಯರ್. ಆದರೆ "ಸಿಲೆಬಸ್ ಮುಗಿಯೂದಿಲ್ರೀ ಮೇಡಂ" ಎನ್ನುತ್ತ ಒಬ್ಬೊಬ್ಬರೇ ತಮ್ಮ ಅವಧಿ ಹಿಂದೆ ಪಡೆದರು. ಕೊನೆಗೆ ಉಳಿದದ್ದು ಇತಿಹಾಸದ ಕಲ್ಲಾಪುರ ಸರ್ ಕೊಟ್ಟ ಬುಧವಾರ ಒಂದೇ.

ಮೇಡಂ ಬಳಿ ಒಂದು ಉಪಾಯವಿತ್ತು. ವರ್ಷಕ್ಕೊಮ್ಮೆ, ಇಲ್ಲದ ಪುಸ್ತಕಕ್ಕೆ ಒಂದು ಸುಳ್ಳು ಕಾರ್ಡು ಬರೆದು ನನ್ನೊಳಗೆ ಸೇರಿಸುವರು. ವಿದ್ಯಾರ್ಥಿಗಳು ಅದೂ ಸೇರಿ ಮೇಡಂ ಹೇಳಿದ ಹತ್ತು ಪುಸ್ತಕಗಳನ್ನು ಕಣ್ಣಾರೆ ನೋಡಿ ಪಟ್ಟಿ ಮಾಡಬೇಕು. "ಈ ಪುಸ್ತಕ ಇಲ್ಲ" ಎಂದು ವಾಪಸು ಬಂದವರು ರ‍್ಯಾಕಿನ ತನಕ ಹೋದವರು ಎಂದು ಲೆಕ್ಕ. ಉಳಿದವರು ಇಲ್ಲೇ ನಿಂತು ಕಾರ್ಡು ನಕಲು ಮಾಡಿದವರು. ಅವಧಿಯ ಕೊನೆಗೆ ಮೇಡಂ ಗುಟ್ಟು ಬಿಟ್ಟುಕೊಡುತ್ತಿದ್ದರು, ಎಲ್ಲರೂ ನಗುತ್ತಿದ್ದರು.

ಆ ವರ್ಷದ ಸುಳ್ಳು ಕಾರ್ಡು 'ಹಿರೇಹಳ್ಳದ ಸುಂಕದ ಕಟ್ಟೆಗಳು'. ನಲವತ್ತೊಂದು ಜನರಲ್ಲಿ ನಲವತ್ತು ಜನ ಅದನ್ನು ಅಚ್ಚುಕಟ್ಟಾಗಿ ಬರೆದುಕೊಂಡರು. ಫಕ್ಕೀರವ್ವ ಎಂಬ ಹುಡುಗಿ ಮಾತ್ರ ಕೈತುಂಬ ಧೂಳು ಮಾಡಿಕೊಂಡು ಬಂದಳು.

"ಮೇಡಂ, ಆ ಪುಸ್ತಕ ಇಲ್ರೀ. ಆಜೂಬಾಜೂ ಇದ್ದವೆಲ್ಲಾ ತೆಗೆದು ನೋಡೀನ್ರಿ."

ಮೇಡಂ ಮುಖ ಅರಳಿತು. ಅಷ್ಟರಲ್ಲಿ, ಎಂದೂ ಬಾರದ ಕಲ್ಲಾಪುರ ಸರ್ ಒಳಗೆ ಬಂದರು. ಕಾರ್ಡು ಇಸಿದುಕೊಂಡು ನೋಡಿದರು.

"ಇಲ್ಲಂದ್ರ ಹ್ಯಾಂಗವಾ? ಎಂ.ಎ. ಮಾಡೂಮುಂದ ನಾನ ಓದೀನಿ. ಛಲೋ ಪುಸ್ತಕ. ನಿನಗ ಹುಡುಕಾಕ ಬರೂದಿಲ್ಲ, ಅಷ್ಟ."

ತರಗತಿ ಗೊಳ್ಳೆಂದು ನಕ್ಕಿತು. ಹುಡುಗಿ ಮೇಡಂ ಕಡೆ ನೋಡಿದಳು.

ಹೇಳಬೇಕಾದದ್ದು ಒಂದೇ ಮಾತು. ಹೇಳಿದರೆ ಸರ್ ಮಾನ ನಲವತ್ತೊಂದು ಜನರ ಮುಂದೆ ಹೋಗುತ್ತಿತ್ತು, ಬುಧವಾರವೂ ಹೋಗುತ್ತಿತ್ತು. ಮೇಡಂ ಬೆರಳು ನನ್ನ ಹಿಡಿಕೆಯ ಮೇಲಿತ್ತು.

"ಇನ್ನೊಮ್ಮೆ ನೋಡವಾ, ಸಿಗತೈತಿ" ಎಂದರು.

ಫಕ್ಕೀರವ್ವ ಹೋದಳು. ಗಂಟೆ ಬಾರಿಸುವವರೆಗೂ ಹುಡುಕಿದಳು. ಆ ವರ್ಷ ಮೇಡಂ ಗುಟ್ಟು ಬಿಟ್ಟುಕೊಡಲಿಲ್ಲ. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಮುಂದಿನ ಬುಧವಾರ ಅವಳು ರ‍್ಯಾಕಿನ ಕಡೆ ಹೋಗಲೇ ಇಲ್ಲ. ಪಕ್ಕದವಳ ಪಟ್ಟಿ ನೋಡಿ ಹತ್ತೂ ಹೆಸರು ಬರೆದುಕೊಟ್ಟಳು. ಅದು ನಕಲು ಎಂದು ತಿಳಿದೂ ಮೇಡಂ ಹತ್ತಕ್ಕೆ ಹತ್ತು ಹಾಕಿದರು. ಸುಳ್ಳು ಕಾರ್ಡು ಬರೆಯುವುದನ್ನು ಅಂದೇ ನಿಲ್ಲಿಸಿದರು.

ಕಂಪ್ಯೂಟರ್ ಬಂದ ಮೇಲೆ ನನ್ನನ್ನು ಕ್ರೀಡಾ ಕೋಣೆಯ ಮೂಲೆಗೆ ತಳ್ಳಿದ್ದಾರೆ. ಇತಿಹಾಸದ ಖಾನೆಯಲ್ಲಿ ಈಗ ಸೀಟಿಗಳು, ಶಟಲ್ ಕಾಕುಗಳು. ಮೇಡಂ ನಿವೃತ್ತರಾಗುವವರೆಗೂ ಬುಧವಾರದ ಅವಧಿ ತಪ್ಪದೆ ನಡೆಯಿತು. ಬೀಳ್ಕೊಡುಗೆಯಲ್ಲಿ ಕಲ್ಲಾಪುರ ಸರ್ ಅದನ್ನು ಬಾಯಿತುಂಬ ಹೊಗಳಿದರಂತೆ. ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವಷ್ಟು ಜೀವ ಉಳಿದಿಲ್ಲ. ಅವರು ಅವಧಿಯನ್ನು ಉಳಿಸಿಕೊಂಡರು. ಆ ಅವಧಿ ಯಾರಿಗಾಗಿ ಇತ್ತೋ ಅವಳನ್ನು ಕಳೆದುಕೊಂಡರು.