ಮರಿ ತೂರುವ ಕಣ್ಣು

ಹುಡಗಿ ಎಂಬ ಊರಿನ ಹಳ್ಳಕ್ಕೆ ಒಡ್ಡು ಕಟ್ಟಿ, ಅದರ ಬಾಯಿಗೆ ಕಬ್ಬಿಣದ ಚಕ್ರ ಕೂಡಿಸಿದ ಸಾಹುಕಾರನಿಗೆ ಮೀನೆಂದರೆ ತಟ್ಟೆಯಲ್ಲಿ ಕಂಡದ್ದಷ್ಟೇ ಗೊತ್ತು. ಚಕ್ರ ಹಗಲು ಹಿಟ್ಟು ಬೀಸುತ್ತಿತ್ತು, ಸಂಜೆಗೆ ಸಾಹುಕಾರನ ಮನೆಗೆ ಬಿಜಲಿ ದೀಪ ಉರಿಸುತ್ತಿತ್ತು. ಮಳೆಗಾಲದಲ್ಲಿ ಮೇಲೆ ಹತ್ತಿದ ಮೀನುಗಳ ಮರಿಗಳು ದಸರೆಯ ಹೊತ್ತಿಗೆ ಕೆಳಗಿನ ಮಡುವಿಗೆ ಇಳಿಯಬೇಕು. ಆ ದಾರಿಗೇ ಚಕ್ರ ಅಡ್ಡ ಕೂತಿತ್ತು.

ಮಡುವಿನ ಮೀನನ್ನೇ ನಂಬಿದ ಭೋಯಿ ಜನರಲ್ಲಿ ಶೇವಂತಾಬಾಯಿ ಹಿರಿಯಳು. ಈ ಸಲ ಮರಿ ಇಳಿಯದಿದ್ದರೆ ಬರುವ ವರ್ಷ ಕೇರಿಯ ಒಲೆ ಹೊತ್ತುವುದಿಲ್ಲ, ಊರು ಬಿಡುವುದೇ ಸೈ. ಚಕ್ರದ ಮಗ್ಗುಲಲ್ಲಿ ಹಳೆಯ ಕಾಲುವೆಯೊಂದಿತ್ತು. ಮರಿಗಳು ಅತ್ತ ಹೊರಳಲೆಂದು ಅವಳು ಕೇರಿಯ ಬಲೆಗಳನ್ನೆಲ್ಲ ತಂದು ಚಕ್ರದ ಮುಂದೆ ಓರೆಯಾಗಿ ಕಟ್ಟಿದಳು. ಆದರೆ ಮರಿ ತೂರಿಹೋಗುವಷ್ಟು ಕಣ್ಣು ಬಿಟ್ಟೇ ಬಲೆ ಹೆಣೆಯಬೇಕೆಂಬುದು ಭೋಯಿಗಳ ಕಟ್ಟಳೆ. ಸಣ್ಣ ಕಣ್ಣು ಹೆಣೆದನೆಂದು ಸ್ವಂತ ಅಳಿಯನ ಬಲೆಯನ್ನು ಸುಟ್ಟವಳು ಅವಳೇ. ಮರಿಗಳು ಬಲೆ ದಾಟಿ ನೆಟ್ಟಗೆ ಚಕ್ರಕ್ಕೇ ಹೋದವು. ಆಚೆಯ ನೀರಿನಲ್ಲಿ ಬೆಳ್ಳನೆಯ ಚೂರುಗಳು ತೇಲಿದವು.

ಗಿರಣಿ ನೋಡಿಕೊಳ್ಳುವ ಅಜೀಮುದ್ದೀನನ ಕಾಲಿಗೆ ಬಿದ್ದು, ಒಂದು ದಿನ ಚಕ್ರ ನಿಲ್ಲಿಸೆಂದಳು. ನಿಜಾಮನ ಆಳ್ವಿಕೆ ಮುಗಿದು, ಹಿಂದೂಸ್ತಾನದ ಫೌಜು ಹುಮನಾಬಾದಿನಲ್ಲಿ ಬಿಡಾರ ಹೂಡಿದ್ದ ದಿನಗಳವು. ಹಿಟ್ಟು ಅಲ್ಲಿಗೇ ಹೋಗಬೇಕಿತ್ತು.

"ಚಕ್ರ ನಿಂತ್ರ ಯಾಕ ನಿಂತು ಅಂತ ಕೇಳ್ತಾರ ಅಕ್ಕಾ. ನನ್ನ ಹೆಸರ ಕೇಳಿದ ಮ್ಯಾಲ ಜವಾಬ ಯಾರ ಕೇಳ್ತಾರ?"

ಆ ತಿಂಗಳು ಊರೂರಲ್ಲಿ ಮುಸಲ್ಮಾನರಿಗೆ ಏನೇನಾಯಿತೆಂಬುದನ್ನು ಅವಳೂ ಕಂಡಿದ್ದಳು. ತನ್ನ ಸೆರಗನ್ನೇ ಹರಿದು ಬಲೆಗೆ ಕಟ್ಟಿದಳು. ಹಳೆಯ ಬಟ್ಟೆ, ಸೆಳವಿಗೆ ಚಿಂದಿಯಾಯಿತು. ಕಡೆಗೆ ನೀರಿಗಿಳಿದು ಬೊಗಸೆಯಿಂದಲೇ ಮರಿಗಳನ್ನು ಕಾಲುವೆಗೆ ತಳ್ಳತೊಡಗಿದಳು. ಹುಚ್ಚು ಕೆಲಸ. ಒಂದು ಬೊಗಸೆ ಉಳಿದರೆ ನೂರು ಬೊಗಸೆ ಸಾಯುತ್ತಿದ್ದವು. ಅಳುತ್ತಲೇ ತಳ್ಳಿದಳು.

ಅಜೀಮುದ್ದೀನ್ ನೋಡುವಷ್ಟು ನೋಡಿ ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಉದ್ದನೆಯ ಬಿಳಿ ಬಟ್ಟೆಯಿತ್ತು. ನೀರಿಗಿಳಿದು ಅದನ್ನು ಬಲೆಯ ಮೇಲೆ ಹಾಸಿ ಒಂದು ತುದಿ ಕಟ್ಟಿದ, ಇನ್ನೊಂದು ತುದಿಯನ್ನು ಅವಳು ಹಿಡಿದಳು. ನೀರು ಬಟ್ಟೆಯಲ್ಲಿ ಸೋಸಿ ಹೋಯಿತು, ಚಕ್ರ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಮರಿಗಳು ಬಟ್ಟೆಗೆ ತಾಗಿ, ಅದರ ಗುಂಟ ಜಾರುತ್ತ ಕಾಲುವೆಗೆ ಹೊರಳಿದವು.

ಬಟ್ಟೆಗೆ ಹೊಲಿಗೆಯಿರಲಿಲ್ಲ, ಅಂಚಿರಲಿಲ್ಲ.

"ಹೊಸಾದು ಅದ. ಯಾತಕ್ಕ ಇಟ್ಟಿದ್ದಿ ಭಾಯಿ?"

"ತಮ್ಮಗ ತಂದಿದ್ದೆ, ಕಫನಿಗಿ, ಮಣ್ಣ ಮಾಡುವಾಗ ಸುತ್ತಾಕ. ಭಾಳ ಹುಡುಕಿದೆ ಅಕ್ಕಾ. ಹೆಣಾನ ಸಿಗಲಿಲ್ಲ."

ಶೇವಂತಾಬಾಯಿ ಥಟ್ಟನೆ ಕೈ ಹಿಂತೆಗೆದಳು. ಆ ತುದಿ ಸಡಿಲಾಗಿ ನೀರು ಬಟ್ಟೆಯನ್ನು ಚಕ್ರದ ಕಡೆಗೆ ಎಳೆಯಿತು.

"ಬಿಡಬ್ಯಾಡ, ಜಾರಾಕತ್ತದ," ಎಂದ ಅಜೀಮುದ್ದೀನ್.

ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.