ಎರಡನೆಯ ಹೆಸರು

ಭತ್ತದ ಬೆಳೆಗೆ ಸಲಹೆ ಕೊಡುವ ಸಂಸ್ಥೆಯೊಂದನ್ನು ಗಂಡ ಪಂಪಾಪತಿಯೊಡನೆ ತೆರೆಯಬೇಕೆಂದಿದ್ದ ಶಿವಕುಮಾರಿ, ಅವನು ತೀರಿಕೊಂಡ ವರ್ಷಕ್ಕೆ ಮಾವ ಆದೆಪ್ಪನ ಜೊತೆ ಸಿಂಧನೂರಿನ ಆಡಿಟರರ ಬಳಿಗೆ ಬಂದಿದ್ದಳು.

"ನಿಮ್ಮೊಬ್ಬರ ಹೆಸರಿನ್ಯಾಗ ಮಾಡಿದ್ರ ಸುಲಭ ಐತ್ರಿ. ಆದ್ರ ನಾಳೆ ಯಾರರ ಕೇಸ್ ಹಾಕಿದ್ರ ಮನಿಗೂ ಕುತ್ತು. ಎಲ್‌ಎಲ್‌ಪಿ ಅಂತ ಪಾಲುದಾರಿಕಿ ಐತಿ, ಅದರಾಗ ಬಹುತೇಕ ಮನಿತನಕ ಬರಂಗಿಲ್ಲ. ಇಬ್ಬರು ಬೇಕು, ಅಷ್ಟ," ಎಂದರು ಆಡಿಟರ್.

ಶಿವಕುಮಾರಿ ತಲೆ ತಗ್ಗಿಸಿದಳು. ಆ ಎರಡನೆಯ ಜಾಗ ತೀರಿಹೋದ ಮಗ ಪಂಪಾಪತಿಯದು. ಅಲ್ಲಿ ತಾನು ಕೂರುವುದು ಆದೆಪ್ಪನಿಗೆ ಪಾಪವೆನಿಸಿತು.

"ಮಸ್ಕಿ ಮಲ್ಲಯ್ಯನ ಹೆಸರು ಬರೀರಿ," ಎಂದ. "ದೇವರ ಹೆಸರಿನ್ಯಾಗ ಹೊಲ ಇರ್ತಾವಲ್ಲ?"

ಆಡಿಟರ್ ನಗಲಿಲ್ಲ. "ಇರ್ತಾವ್ರಿ ಯಜಮಾನ್ರ. ಆದ್ರ ಇಲ್ಲಿ ಆಧಾರ್ ಕಾರ್ಡ್ ಕೇಳ್ತಾರ."

"ಮಾವಾರ, ನೀವ ಆಗ್ರಿ," ಎಂದಳು ಶಿವಕುಮಾರಿ.

"ಭತ್ತದ ರೋಗ ನನಗೇನು ತಿಳಿತೈತವ್ವ?"

"ಅದು ನನಗ ತಿಳಿತೈತ್ರಿ. ಆದ್ರ ನನ್ನೊಬ್ಬಾಕಿ ಹೆಸರು ಬ್ಯಾಡ್ರಿ."

ಆದೆಪ್ಪ ಕಣ್ಣು ಮುಚ್ಚಿ ಮಗನನ್ನು ನೆನೆದ. ಆಮೇಲೆ ಅಂಗಿಯ ಕಿಸೆಯಿಂದ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ.

"ಮಲ್ಲಯ್ಯನ ಹತ್ರ ಕಾರ್ಡ್ ಇಲ್ಲಲ್ಲ, ನಂದ ಹಚ್ರಿ."