ಕನ್ನಡಿಯ ಕೆಳಗಿನ ರದ್ದಿ ಗಾಜು

ಲಿಂಗಸುಗೂರಿನ ಬಜಾರಿನಲ್ಲಿ ನಿಜಾಮರ ಪಟ ಇಳಿಸಿ ಗಾಂಧಿಯ ಪಟ ಕಟ್ಟಿಸುವ ಕಾಲ ಬಂತು. ಪಟ ಕಟ್ಟುವ ಕರೀಂಸಾಬನಿಗೆ ಕೈತುಂಬ ಕೆಲಸ ಸಿಗಬೇಕಿತ್ತು. ಸಿಕ್ಕಿದ್ದು ಎದುರಂಗಡಿಯ ಹುಸೇನಬಾಷಾನಿಗೆ. ಕರೀಂಸಾಬನ ಕೈಕೆಳಗೇ ಕಟ್ಟಿಗೆಯ ಚೌಕಟ್ಟು ಮಾಡಲು ಕಲಿತು, ಹೈದರಾಬಾದಿಗೆ ಹೋಗಿ ಗಾಜಿಗೆ ತೂತು ಕೊರೆಯುವ ವಿದ್ಯೆ ತಂದವನು ಅವನು. ಉಂಡ ಮನೆಯ ಜಂತೆ ಎಣಿಸಿದ ಎಂದು ಕರೀಂಸಾಬನಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಮಸ್ಕಿಯ ಕಸ್ತೂರೆಮ್ಮ ತವರಿನ ದಪ್ಪ ಕನ್ನಡಿಯನ್ನು ಬಂಡಿಯಲ್ಲಿ ಹುಲ್ಲಿನ ಮೇಲಿಟ್ಟುಕೊಂಡು ಬಂದಳು. ನಾಲ್ಕು ಮೂಲೆಗೂ ತೂತು ಹಾಕಿಸಿ ಗೋಡೆಗೆ ಬಿಗಿಯಬೇಕಿತ್ತು.

“ಎದುರಿನ ಅಂಗಡ್ಯಾಗ ಕೊಡಲೇನ್ರೀ ಸಾಬ್ರ?”

“ಯಾಕವ್ವಾ, ನಾ ಸತ್ತೀನೇನು? ನಾಳಿ ಸಂಜಿಗಿ ಬಾ.”

ಕರೀಂಸಾಬ ಎಂದೂ ಗಾಜು ಕೊರೆದವನೇ ಅಲ್ಲ. ಆದರೆ ಕೂತಲ್ಲಿಂದಲೇ ಹುಸೇನಬಾಷಾನ ಕೈಯನ್ನು ಎಷ್ಟು ತಿಂಗಳು ದಿಟ್ಟಿಸಿದ್ದ! ಗಾಜಿನ ಮೇಲೆ ಮೇಣದ ಕಟ್ಟೆ, ಅದರೊಳಗೆ ನೀರು ಮತ್ತು ಸಾಣೆಕಲ್ಲಿನ ಪುಡಿ, ಬಿಲ್ಲಿನ ಬೈರಿಗೆಗೆ ತಾಮ್ರದ ನಳಿಗೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂದುಕೊಂಡಿದ್ದ.

ಕನ್ನಡಿಯನ್ನು ಗೋಣಿಚೀಲದ ಮೇಲೆ ಬೋರಲು ಮಲಗಿಸಿ ಮೊದಲ ತೂತು ಕೊರೆದ. ಎಲ್ಲ ಸರಾಗವಾಗಿತ್ತು, ಬೈರಿಗೆ ಆಚೆ ಹೊರಡುವ ಹೊತ್ತಿಗೆ ಟಣ್ ಎಂದಿತು. ಮಗುಚಿ ನೋಡಿದರೆ ತೂತಿನ ಅಂಚಿನಲ್ಲಿ ಬೇಳೆಗಾತ್ರದ ಚಕ್ಕೆ ಎದ್ದಿತ್ತು. ಇನ್ನೊಂದು ತೂತು ಹೀಗಾದರೆ, ತವರಿನ ಕನ್ನಡಿ ಕೆಡಿಸಿದವನೆಂದು ಬಜಾರಿನಲ್ಲಿ ತಲೆ ಎತ್ತುವಂತಿರಲಿಲ್ಲ. ಕನ್ನಡಿ ಹೊತ್ತು ರಸ್ತೆ ದಾಟಿದ.

ಹುಸೇನಬಾಷಾ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

“ಉಸ್ತಾದ್, ಕೆಳಗ ಏನ್ ಇಟ್ಟಿದ್ರಿ?”

“ಗೋಣಿಚೀಲ.”

ಹುಸೇನಬಾಷಾ ಅರಗು ಕಾಯಿಸಿ, ಕನ್ನಡಿಯ ಕೆಳಮೈಗೆ ರದ್ದಿ ಗಾಜಿನ ತುಂಡು ಅಂಟಿಸಿದ. ರಸ್ತೆಯಾಚೆಯಿಂದ ಇದು ಎಂದೂ ಕಂಡಿರಲಿಲ್ಲ.

“ಕೆಳಗ ಆಸರಾ ಇಲ್ಲಾಂದ್ರ ಬೈರಿಗಿ ಹೊರಗ ಬರೂವಾಗ ಚಕ್ಕಿ ಏಳತೈತ್ರಿ. ಹಿಂಗ ಮಾಡಿದ್ರ ಏಳೂದು ರದ್ದಿಗಿ, ಉಳಿಯೂದು ಕನ್ನಡಿ.”

“ಇದೂ ಹೈದರಾಬಾದಿನ ವಿದ್ಯಾ ಏನು?”

“ಅಲ್ರಿ. ತೇಗಿನ ಹಲಗಿ ಕೊರಿಯೂವಾಗ ಕೆಳಗ ರದ್ದಿ ಹಲಗಿ ಇಡು ಲೇ, ಇಲ್ಲಾಂದ್ರ ಸಿಬರು ಏಳತೈತಿ ಅಂತ ನನ್ನ ಕಿವಿ ಹಿಂಡಿದವ್ರು ನೀವಽ ಅಲ್ಲೇನ್ರಿ?”

ಕರೀಂಸಾಬ ಬೈರಿಗೆ ಎತ್ತಿಕೊಂಡ. ಉಳಿದ ಮೂರು ತೂತು ಅವನ ಕೈಯಿಂದಲೇ ನುಣ್ಣಗೆ ಬಿದ್ದವು. ಚಕ್ಕೆ ಎದ್ದದ್ದು ಮರೆಯಾಗಲೆಂದು ಅದರ ಮೇಲೆ ಹುಸೇನಬಾಷಾ ಹಿತ್ತಾಳೆಯ ಹೂವಿನ ಬಿಲ್ಲೆ ಇಟ್ಟ. ಹೊಂದಿಕೆಗೆಂದು ಉಳಿದ ಮೂರಕ್ಕೂ ಕೊಟ್ಟ.

ಮರುದಿನ ಕಸ್ತೂರೆಮ್ಮ ಹೂವುಗಳನ್ನು ಸವರಿ ಹಿಗ್ಗಿದಳು. “ಕೈ ಅಂದ್ರ ನಿಮ್ದು ನೋಡ್ರೀ ಸಾಬ್ರ!”

ಎದುರಂಗಡಿಯಲ್ಲಿ ಕೂತಿದ್ದ ಹುಸೇನಬಾಷಾ ಹೌದೆಂದು ತಲೆಯಾಡಿಸಿದ. ಹಾಗೆ ತಲೆಯಾಡಿಸಿದ್ದನ್ನು ಕರೀಂಸಾಬ ಬದುಕಿರುವವರೆಗೂ ಕ್ಷಮಿಸಲಿಲ್ಲ.